ಕವಲುಗಿವಿಯ ಅಭಿಪ್ರಾಯ

ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಶಿವಶಂಕರನನ್ನು ಕಂಡವರೆಲ್ಲ ಸಾಧು ಮನುಷ್ಯ ಅನ್ನುತ್ತಿದ್ದರು. ಪಹಣಿಗೆ ಬಂದ ಮುದುಕರನ್ನು ಕೂರಿಸಿ ನೀರು ಕೊಡುತ್ತಿದ್ದ. ಹೆಂಗಸರನ್ನು ಅಕ್ಕ, ಅವ್ವ ಎಂದೇ ಮಾತಾಡಿಸುತ್ತಿದ್ದ. ಗಟ್ಟಿ ದನಿಯಲ್ಲಿ ಒಂದು ಮಾತು ಆಡಿದವನಲ್ಲ. ಆಡುವ ಅಗತ್ಯವೂ ಅವನಿಗೆ ಇರಲಿಲ್ಲ ಅನ್ನಿ, ಅವನ ವಿಷವೆಲ್ಲ ಮೊಬೈಲು ಒತ್ತುವ ಹೆಬ್ಬೆರಳಿನಲ್ಲಿತ್ತು.

ಮಧ್ಯಾಹ್ನ ಕಚೇರಿಯವರು ಊಟಕ್ಕೆ ಎದ್ದರೆ ಇವನು ಅರ್ಧ ಶಟರ್ ಎಳೆದು, ಅಂಗಡಿಯ ಕಂಪ್ಯೂಟರಿನಲ್ಲಿ 'ಸ್ಕಾರ್ಲೆಟ್ ಹೆರಾನ್', ಅಂದರೆ ಕೆಂಪು ಕೊಕ್ಕರೆ, ಎಂಬ ಆಟ ಹಚ್ಚುತ್ತಿದ್ದ. ಹಳೆಯ ಆಟ. ಬಂದ ಕಾಲದಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಉದ್ದ ಬಿಳಿ ಕೋಟಿನ ಹೆಂಗಸೊಬ್ಬಳು ಕೆಂಪು ಕತ್ತಿ ಹಿಡಿದು, ಹೊಡೆಯುವ ಮೊದಲು ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ. ಆಮೇಲೆ ಡೋಲಿನ ಪೆಟ್ಟಿಗೆ ಸರಿಯಾಗಿ ಕತ್ತಿಯ ಪೆಟ್ಟು ಬೀಳುತ್ತದೆ. ಆ ನಿಲುವು ನೋಡಿದವನು ಅದನ್ನು ಮರೆಯುವುದಿಲ್ಲ. ಇಷ್ಟೆಲ್ಲ ಸೊಗಸು ಕೊಟ್ಟ ದೇವರು ಉಳಿದದ್ದನ್ನು ಕಿತ್ತುಕೊಂಡಿದ್ದ. ಕ್ಯಾಮೆರಾ ಹೊತ್ತಲ್ಲದ ಹೊತ್ತಿನಲ್ಲಿ ಗೋಡೆಯೊಳಗೆ ಹೋಗಿ ಕೂರುತ್ತಿತ್ತು. ಆಟ ಮುಗಿಸುವ ಮೊದಲೇ ಕಂಪನಿ ಬಾಗಿಲು ಹಾಕಿದ್ದರಿಂದ ಎರಡನೆಯ ಅರ್ಧವೆಲ್ಲ ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಹಾಕಿದ ಒಗ್ಗರಣೆಯಂತಿತ್ತು.

ಇಂಥ ಆಟಕ್ಕೂ ಕನ್ನಡದಲ್ಲಿ ಒಂದು ಗುಂಪಿತ್ತು, ಟೆಲಿಗ್ರಾಮಿನಲ್ಲಿ, 'ಕೊಕ್ಕರೆ ಬಳಗ' ಅಂತ. ಶಿವಮೊಗ್ಗದ ಒಬ್ಬ ಮೇಷ್ಟರು, ಆಟ ಚಿನ್ನ, ಕ್ಯಾಮೆರಾ ಮಾತ್ರ ಶನಿ ಅನ್ನುತ್ತಿದ್ದರು. ಹಾವೇರಿ ಕಡೆಯ ಔಷಧಿ ಅಂಗಡಿಯವನೊಬ್ಬ, ತಪ್ಪುಗಳೆಲ್ಲ ಬೇಕೆಂದೇ ಇಟ್ಟವು, ನಮಗೆ ತಿಳಿಯುವುದಿಲ್ಲ ಅಷ್ಟೇ ಎಂದು ವಾದಿಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು. ಸಾಗರದ ಹುಡುಗಿಯೊಬ್ಬಳು ಇದರಷ್ಟು ಕೆಟ್ಟ ಆಟ ಹುಟ್ಟಿಲ್ಲ ಎಂದು ಬರೆದು, ಮರುದಿನ ಮತ್ತೆ ಮೊದಲಿನಿಂದ ಆಡುತ್ತಿದ್ದಳು. ಶಿವಶಂಕರ ಆಟದ ಬಗ್ಗೆ ಬರೆದದ್ದು ಕಡಿಮೆ. ಆಟದ ಬಗ್ಗೆ ಬರೆದವರ ಬಗ್ಗೆ ಬರೆಯುತ್ತಿದ್ದ. ಒಬ್ಬೊಬ್ಬರ ಅಭಿಪ್ರಾಯವನ್ನೂ ಹಿಡಿದು ತೊಗಲು ಸುಲಿದು ಒಣಹಾಕುತ್ತಿದ್ದ. ಬಳಗ ಬಿದ್ದು ಬಿದ್ದು ನಗುತ್ತಿತ್ತು, ತಮ್ಮ ಸರದಿ ಬರುವ ತನಕ.

ಅಲ್ಲಿ ಅವನ ಹೆಸರು ಕವಲುಗಿವಿ. ಹೆಸರಿನ ಪಕ್ಕದ ಚಿತ್ರವನ್ನು ಎಲ್ಲರೂ ಯಾವುದೋ ರಾಕ್ಷಸನ ಕೊಂಬು ಅಂದುಕೊಂಡಿದ್ದರು. ಅದು ಕುರಿಯ ಕಿವಿ. ತೊಗರ್ಸಿಯ ಹತ್ತಿರ ಅವನ ಅಪ್ಪ ಕರಿಯಣ್ಣನಿಗೆ ಹೊಲವೂ ಇತ್ತು, ಕುರಿಯ ಹಿಂಡೂ ಇತ್ತು. ಹಿಂಡು ಹಿಂಡು ಬೆರೆತರೆ ಯಾರ ಕುರಿ ಯಾರದು ಎಂದು ತಿಳಿಯಲು ಮರಿಯಿದ್ದಾಗಲೇ ಕಿವಿಗೆ ಮನೆಯ ಗುರುತು ಕತ್ತರಿಸುತ್ತಾರೆ. ಕರಿಯಣ್ಣನ ಮನೆಯದು ಬಲಗಿವಿಯ ತುದಿ ಕವಲು, ಎಡಗಿವಿಯ ಅಂಚಿನಲ್ಲಿ ಎರಡು ಕಚ್ಚು. ಇನ್ನೊಂದು ಮನೆಗೆ ಆ ಗುರುತಿಲ್ಲ. ಊರಿಗೆಲ್ಲ ತನ್ನ ಮನೆ ಯಾವುದೆಂದು ಸಾರುವ ಗುರುತನ್ನೇ ಮುಖ ಮುಚ್ಚಿಕೊಳ್ಳಲು ಇಟ್ಟುಕೊಂಡ ಜಾಣ ಇವನು. ಕಂಪ್ಯೂಟರ್ ಆಡುವವರಿಗೆ ಕುರಿಯ ಕಿವಿ ಎಲ್ಲಿ ತಿಳಿಯಬೇಕು ಎಂಬ ಧೈರ್ಯ.

ಬಳಗದವರೆಲ್ಲ ಒಮ್ಮತದಿಂದ ಬೈಯುತ್ತಿದ್ದುದು ಐದನೆಯ ಅಧ್ಯಾಯವನ್ನು. ಅದರಲ್ಲಿ ನಾಯಕಿ ಕತ್ತಿ ಬಿಟ್ಟು, ಗಾಯಗೊಂಡ ತಂಗಿಯನ್ನು ಬೆನ್ನಮೇಲೆ ಹೊತ್ತು ಹಿಮದಲ್ಲಿ ನಡೆಯುತ್ತಾಳೆ. ಹೊಡೆದಾಟವಿಲ್ಲ, ಡೋಲಿಲ್ಲ, ಕಂಟ್ರೋಲರಿನ ಎಡಗೈ ಕಡೆಯ ಕೋಲನ್ನು ಮುಂದಕ್ಕೆ ಒತ್ತಿ ಹಿಡಿದರೆ ಆಯಿತು. ಗದ್ದೆಹಕ್ಕಿ ಎಂಬ ಹೆಸರಿನವನೊಬ್ಬ ಮಾತ್ರ ಅದೇ ಅಧ್ಯಾಯವನ್ನು ಮತ್ತೆ ಮತ್ತೆ ಆಡಿ, ದನಿಯಿಲ್ಲದ ವಿಡಿಯೊ ಹಾಕಿ, ಕೆಳಗೆ ನಾಲ್ಕು ಸಾಲು ಬರೆಯುತ್ತಿದ್ದ. ಹೆಜ್ಜೆಯ ಸದ್ದು ಬದಲಾಗುವುದನ್ನು ಕೇಳಿ, ತಂಗಿಯ ಉಸಿರು ನಿಧಾನವಾಗುವುದನ್ನು ಕೇಳಿ, ಅಂತ. ಶಿವಶಂಕರನಿಗೆ ಹೊಡೆಯಲು ಇದಕ್ಕಿಂತ ಮೆತ್ತಗಿನ ತಲೆ ಸಿಕ್ಕಿರಲಿಲ್ಲ.

ಹೀಗಿರುವಾಗ ಅವನಿಗೆ ಹೆಣ್ಣು ಗೊತ್ತಾಯಿತು. ಸೊರಬ ತಾಲ್ಲೂಕು ಕುಪ್ಪಗಡ್ಡೆಯ ಹನುಮಂತಪ್ಪನ ಮಗಳು ನಯನ, ಸೊರಬದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹನುಮಂತಪ್ಪನವರು ಕುರಿ ಬಿಟ್ಟು ಭತ್ತ ಹಿಡಿದು ಎರಡು ತಲೆಮಾರಾಗಿತ್ತು, ಆದರೂ ಒಂದೇ ಕುಲದವರು. ನೋಡಲು ಹೋದ ದಿನ ಅವಲಕ್ಕಿಯ ತಟ್ಟೆ ತಂದುಕೊಟ್ಟವನು ಅವಳ ತಮ್ಮ ಪ್ರದೀಪ್. ಒಂದೊಂದೇ ತಟ್ಟೆ ತಂದ. ಹುಲ್ಲು ಕತ್ತರಿಸುವ ಮೆಷಿನ್ನಿಗೆ ಸಿಕ್ಕಿ ಅವನ ಬಲಗೈ ಮೊಣಕೈಯವರೆಗೆ ಹೋಗಿತ್ತು, ಅಂಗಿಯ ತೋಳು ಮಡಚಿ ಪಿನ್ನು ಹಾಕಿದ್ದ. ಶಿವಶಂಕರ ನೋಡಿಯೂ ನೋಡದವನಂತೆ ಅವಲಕ್ಕಿ ತಿಂದ.

ಹುಡುಗ ಹುಡುಗಿ ಮಾತಾಡಲಿ ಎಂದು ಇಬ್ಬರನ್ನೂ ಹಿತ್ತಲಿಗೆ ಬಿಟ್ಟರು. ಸಿಟ್ಟು ಬಂದರೆ ಏನು ಮಾಡುತ್ತೀರಿ ಎಂದು ನಯನ ನೇರವಾಗಿ ಕೇಳಿದಳು. ಕುರಿಗೂ ಬೈದವನಲ್ಲ ನಾನು ಅಂದ ಇವನು. ಅವಳು ನಕ್ಕಳು.

"ಬೈಯ್ದೇ ಇರೋರು ಎಲ್ಲಾದ್ರೂ ಒಂದ್ಕಡೆ ಕಕ್ಲೇಬೇಕಲ. ನಿಮ್ದು ಎಲ್ಲಿ ಅಂತ ಹುಡ್ಕಬೇಕು."

ಆ ನಗುವಿಗೆ ಶಿವಶಂಕರ ಸೋತ. ಸುಳ್ಳಲ್ಲ, ನಿಜವಾಗಿಯೂ ಸೋತ. ಮೂವತ್ತು ದಾಟಿದ ಮೇಲೆ ಹೆಣ್ಣು ಸಿಗುವುದೇ ಕಷ್ಟವಾದ ಕಾಲದಲ್ಲಿ, ತನ್ನನ್ನು ಕಂಡು ಭಯವೂ ಇಲ್ಲದೆ ಅಸಡ್ಡೆಯೂ ಇಲ್ಲದೆ ನಗುವ ಹೆಣ್ಣು ಸಿಕ್ಕಿದ್ದಳು. ಇವಳು ಕೈತಪ್ಪಿದರೆ ಬೇರೆ ಮದುವೆಯೇ ಬೇಡ ಅನ್ನಿಸಿತು ಅವನಿಗೆ. ಈ ಒಂದು ವಿಷಯದಲ್ಲಿ ಅವನ ಮನಸ್ಸು ಶುದ್ಧವಾಗಿತ್ತು ಎಂದು ಒಪ್ಪಬೇಕು.

ವಾಪಸ್ ಬರುವ ಬಸ್ಸಿನಲ್ಲಿ ಖುಷಿಯಲ್ಲಿ ಮೊಬೈಲು ತೆರೆದ. ಗದ್ದೆಹಕ್ಕಿ ಹೊಸ ವಿಡಿಯೊ ಹಾಕಿದ್ದ, ಅದೇ ಹಿಮ, ಅದೇ ನಡಿಗೆ. ಮನಸ್ಸು ತುಂಬಿದ್ದವನಿಗೆ ಮಾತು ತಾನಾಗಿ ಬಂತು. ಬೆಳಿಗ್ಗೆ ಕಂಡ ಮಡಚಿದ ತೋಳೂ ಅದರ ಜೊತೆಗೇ ಬಂತು. ಹೀಗೆ ಬರೆದ: "ಐದನೆಯ ಅಧ್ಯಾಯ ಮೆಚ್ಚಲು ಕಣ್ಣು ಬೇಡ, ಕಿವಿ ಬೇಡ, ತಲೆಯಂತೂ ಬೇಡವೇ ಬೇಡ. ಒಂದು ಕೈಯನ್ನು ಎಲ್ಲೋ ಮರೆತು ಬಂದವನೂ ಆಡಬಹುದು. ಗದ್ದೆಹಕ್ಕಿಯವರೇ, ನಿಮ್ಮ ಇನ್ನೊಂದು ಕೈ ಎಲ್ಲಿ?"

ಶಿರಾಳಕೊಪ್ಪ ಬರುವಷ್ಟರಲ್ಲಿ ಬಳಗವೆಲ್ಲ ನಕ್ಕು ಸುಸ್ತಾಗಿತ್ತು. 'ಇನ್ನೊಂದು ಕೈ ಎಲ್ಲಿ' ಎಂಬುದು ಗಾದೆಯೇ ಆಯಿತು, ಯಾರು ಏನು ಬರೆದರೂ ಕೆಳಗೆ ಅದೇ ಪ್ರಶ್ನೆ. ಗದ್ದೆಹಕ್ಕಿ ಉತ್ತರ ಕೊಡದೆ ಗುಂಪು ಬಿಟ್ಟು ಹೋದ. ಹಕ್ಕಿ ಹಾರಿತು ಎಂದು ಕವಲುಗಿವಿ ಬರೆದ.

ಮದುವೆಯ ಮಾತು ಮುಗಿದ ಮೇಲೆ ಗಂಡಿನ ಮನೆಯಿಂದ ಒಂದು ಹೆಣ್ಣುಮರಿ ಕಳಿಸುವುದು ಕರಿಯಣ್ಣನ ಮನೆತನದಲ್ಲಿ ನಡೆದುಬಂದ ಶಾಸ್ತ್ರ. ಹೆಣ್ಣಿನ ಮನೆಯವರು ಅದರ ಕಿವಿಗೆ ತಮ್ಮ ಗುರುತನ್ನೂ ಸೇರಿಸಿ ಕತ್ತರಿಸಿದರೆ ಸಂಬಂಧ ಗಟ್ಟಿ. ಕಿವಿ ಮುಟ್ಟದೆ ವಾಪಸ್ ಬಂದರೆ ಮುಂದೆ ಮಾತಿಲ್ಲ. ಶಿವಶಂಕರನ ತಾಯಿ ಗುಡ್ಡಮ್ಮ ಹಿಂಡಿನಲ್ಲೇ ಚೆಂದದ ಮರಿ ಆರಿಸಿ, ಮೈ ತೊಳೆದು, ಅರಿಶಿನ ಹಚ್ಚಿ ಕಳಿಸಿದಳು. ಕರಿಯಣ್ಣ ತಾನೇ ಲಗೇಜ್ ಆಟೋದಲ್ಲಿ ಕೂತು ಕುಪ್ಪಗಡ್ಡೆಗೆ ಮುಟ್ಟಿಸಿ ಬಂದ.

ವಾರ ಕಳೆದರೂ ಅಲ್ಲಿಂದ ಸುದ್ದಿಯಿಲ್ಲ. ನಯನ ಫೋನು ಎತ್ತಲಿಲ್ಲ. ಶಿವಶಂಕರ ಅಂಗಡಿಯಲ್ಲಿ ಒಬ್ಬರ ಪಹಣಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಬೈಸಿಕೊಂಡ. ಕೊನೆಗೊಂದು ಮಧ್ಯಾಹ್ನ ಪ್ರದೀಪನ ಫೋನು ಬಂತು. ದನಿ ತಣ್ಣಗಿತ್ತು.

"ಭಾವ, ಭಾನುವಾರ ಬನ್ನಿ. ಕೊಕ್ಕರೆ ಆಡೋಣ."

ಕೊಕ್ಕರೆ ಆಟದ ಸುದ್ದಿಯನ್ನು ಶಿವಶಂಕರ ಆ ಮನೆಯಲ್ಲಿ ಎತ್ತಿಯೇ ಇರಲಿಲ್ಲ.

ಭಾನುವಾರ ಲಗೇಜ್ ಆಟೋ ಮಾಡಿಸಿಕೊಂಡೇ ಹೋದ. ಕಾಣಿಕೆಗೆಂದು ಎರಡು ಚೀಲ ಮೆಕ್ಕೆಜೋಳ ಹಾಕಿಕೊಂಡಿದ್ದ. ಪ್ರದೀಪ ಅಂಗಳದಲ್ಲೇ ನಿಂತಿದ್ದ, ಕಂಬಕ್ಕೆ ಕಟ್ಟಿದ ಮರಿಯ ಪಕ್ಕದಲ್ಲಿ. ಎಡಗೈಯಲ್ಲಿ ಮರಿಯ ಬಲಗಿವಿ ಎತ್ತಿ ಹಿಡಿದ. ಮೊಬೈಲನ್ನು ಅದರ ಪಕ್ಕಕ್ಕೆ ಹಿಡಿಯುವಂತೆ ಶಿವಶಂಕರನಿಗೇ ಹೇಳಿದ, ತನ್ನ ಇನ್ನೊಂದು ಕೈ ಎಲ್ಲಿದೆಯೋ ಗೊತ್ತಿಲ್ಲವಲ್ಲ ಎಂದ. ಮೊಬೈಲಿನಲ್ಲಿದ್ದ ಕವಲುಗಿವಿಯ ಚಿತ್ರಕ್ಕೂ ಮರಿಯ ಕಿವಿಗೂ ಕೂದಲೆಳೆ ವ್ಯತ್ಯಾಸವಿರಲಿಲ್ಲ. ಗುರುತು ಹಾಕಲು ಕತ್ತರಿ ತಂದು ಕೂತಾಗ ಕಂಡೆ, ಅಮ್ಮ ಮರಿಯನ್ನು ಹಿಡಿದುಕೊಂಡಿದ್ದಳು, ಕತ್ತರಿಯನ್ನು ಹಾಗೇ ಕೆಳಗಿಟ್ಟೆ ಅಂದ.

ಶಿವಶಂಕರ ಕೈಮುಗಿದ. ಗೊತ್ತಿರಲಿಲ್ಲ ತಮ್ಮಾ, ನೀನು ಅಂತ ಗೊತ್ತಿರಲಿಲ್ಲ ಎಂದು ಅದನ್ನೇ ಹೇಳಿದ. ನಾನಲ್ಲದೆ ಬೇರೆ ಕೈಯಿಲ್ಲದವನಾಗಿದ್ದರೆ ಸರಿಯಾಗುತ್ತಿತ್ತೇ ಎಂದು ಪ್ರದೀಪ ಕೇಳಿದ.

"ಅಧ್ಯಾಯ ಕೆಟ್ಟದ್ದು ಅಂತ ನಂಗೂ ಗೊತ್ತು, ಭಾವ," ಅಂದ ಪ್ರದೀಪ. "ಕೈ ಇದ್ದಾಗ ಇಡೀ ಆಟ ಮುಗಿಸಿದವ್ನು ನಾನು. ಆಗ ನಾನೂ ಅದಕ್ಕೆ ಬೈತಿದ್ದೆ. ಈಗ ನಂಗೆ ಆಡಕ್ಕೆ ಉಳ್ದಿದ್ದು ಅದೊಂದೇ."

ನಯನಳಿಗೆ ಹೇಳಬೇಡ, ಕಾಲಿಗೆ ಬೀಳುತ್ತೇನೆ ಎಂದು ಶಿವಶಂಕರ ಅಂಗಲಾಚಿದ. ಪ್ರದೀಪ ಅಕ್ಕನಿಗೆ ಅಂದೇ ಹೇಳಿಯಾಗಿತ್ತು, ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ಸಂಬಂಧ ಮುರಿಯುವ ಮಾತನ್ನು ಅವಳು ಇನ್ನೂ ಆಡಿರಲಿಲ್ಲ. ಒಂದು ಸಲ ಕೂರಿಸಿ ನೋಡೋಣ ಅಂದಿದ್ದಳಂತೆ.

ನಡುಮನೆಯ ಟಿವಿಗೆ ಆಟ ಜೋಡಿಸಿತ್ತು. ಹನುಮಂತಪ್ಪ, ಅವನ ಹೆಂಡತಿ ವರದಮ್ಮ, ನಯನ ಮೂವರೂ ಪಕ್ಕದ ಗೋಡೆಗೆ ಒರಗಿ ಕೂತಿದ್ದರು. ಪ್ರದೀಪ ಟವೆಲ್ಲು ಕೊಟ್ಟ, ನಯನ ಎದ್ದು ಬಂದು ಶಿವಶಂಕರನ ಬಲಗೈಯನ್ನು ಸೊಂಟದ ಹಿಂದೆ ಸೇರಿಸಿ ಕಟ್ಟಿದಳು. ರಕ್ತ ತೆಗೆಯುವಾಗ ತೋಳಿಗೆ ರಬ್ಬರು ಕಟ್ಟಿ ಅಭ್ಯಾಸವಾದ ಕೈ, ಗಂಟು ಅಳ್ಳಕವಾಗಲಿಲ್ಲ. ಅವಳ ಬೆರಳು ಮೊದಲ ಬಾರಿ ಅವನನ್ನು ಮುಟ್ಟಿದ್ದು ಹೀಗೆ. ಮೊದಲನೆಯ ಅಧ್ಯಾಯ ಆಡಿ ಭಾವ, ಕತ್ತಿ ಇರುವುದು ಎಂದ ಪ್ರದೀಪ. ತನ್ನ ಮೊಬೈಲನ್ನು ಹಿಂದೆ ಸ್ಟೂಲಿನ ಮೇಲೆ ನಿಲ್ಲಿಸಿದ. ಟಿವಿ, ಕಟ್ಟಿದ ಕೈ, ತಡಕಾಡುವ ಎಡಗೈ ಅಷ್ಟೇ ಅದರಲ್ಲಿ ಕಾಣುತ್ತಿತ್ತು. ಮುಖ ಕಾಣುತ್ತಿರಲಿಲ್ಲ.

ಎಡಗೈಯಲ್ಲಿ ನಡೆಸಬಹುದು, ಹೊಡೆಯಲು ಬಲಗೈ ಬೇಕು. ಶಿವಶಂಕರ ಕಂಟ್ರೋಲರನ್ನು ತೊಡೆಗೆ ಅದುಮಿದ, ಗಲ್ಲದಿಂದ ಗುಂಡಿ ಒತ್ತಿದ. ಮೊದಲ ಬಾಗಿಲಿನ ಮೊದಲ ಕಾವಲುಗಾರನೇ ನಾಯಕಿಯನ್ನು ಕಡಿದು ಹಾಕಿದ. ಇವನು ಮತ್ತೆ ಎಬ್ಬಿಸಿದ, ಅವನು ಮತ್ತೆ ಕಡಿದ. ಬಿಳಿ ಕೋಟಿನವಳು ಒಂಟಿಕಾಲಲ್ಲಿ ನಿಲ್ಲುವುದು, ಬೀಳುವುದು. ಹನುಮಂತಪ್ಪನಿಗೆ ಇದೇನೋ ಅಳಿಯನ ತಮಾಷೆ ಅನ್ನಿಸಿ ತೊಡೆ ತಟ್ಟಿಕೊಂಡು ನಕ್ಕ. ಆ ಹುಡುಗಿಯನ್ನು ಯಾಕೆ ಸುಮ್ಮನೆ ಸಾಯಿಸುತ್ತೀರಿ ಎಂದು ವರದಮ್ಮ ಮರುಗಿದಳು.

ಪ್ರದೀಪ ಇನ್ನೊಂದು ಫೋನಿನಿಂದ ಓದತೊಡಗಿದ. ಎಲ್ಲವೂ ಕವಲುಗಿವಿಯ ಮಾತು, ಒಂದಕ್ಷರ ಬದಲಿಲ್ಲ. ಮೇಷ್ಟರಿಗೆ ಅಂದದ್ದು, ಔಷಧಿ ಅಂಗಡಿಯವನಿಗೆ ಅಂದದ್ದು, ಸಾಗರದ ಹುಡುಗಿಗೆ ಅಳು ತರಿಸಿದ್ದು. ಶಿವಶಂಕರನ ಕಿವಿ ಸುಡುತ್ತಿತ್ತು, ಗಲ್ಲದ ಬೆವರಿಗೆ ಗುಂಡಿ ಜಾರುತ್ತಿತ್ತು. ಇದೊಂದು ಗಂಟೆ ಕಳೆದರೆ ಸಾಕು, ಇವಳು ನನಗೆ ಉಳಿದರೆ ಸಾಕು ಎಂದು ತೊಗರ್ಸಿಯ ಮಲ್ಲಿಕಾರ್ಜುನನನ್ನು ನೆನೆದ. ಆಮೇಲೆ ಪ್ರದೀಪ ಬಸ್ಸಿನಲ್ಲಿ ಬರೆದದ್ದನ್ನು ಓದಿದ. ನಿಧಾನವಾಗಿ ಓದಿದ. "ಒಂದು ಕೈಯನ್ನು ಎಲ್ಲೋ ಮರೆತು ಬಂದವನೂ ಆಡಬಹುದು."

ಗಟ್ಟಿಯಾಗಿ ಓದಿದಾಗ ಆ ಸಾಲು ಬರೆದಾಗಿನದಕ್ಕಿಂತ ಚೆನ್ನಾಗಿ ಕೇಳಿಸಿತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು, ಎಲ್ಲಿ ಕಚ್ಚಬೇಕೋ ಅಲ್ಲಿ ಕಚ್ಚಿತ್ತು. ಶಿವಶಂಕರನ ತುಟಿಯ ಕೊನೆ ಒಂದಿಷ್ಟು ಮೇಲಕ್ಕೆ ಹೋಯಿತು. ಅವನಿಗೇ ಅದು ಗೊತ್ತಾಗಲಿಲ್ಲ. ಗೋಡೆಗೆ ಒರಗಿದ್ದವಳಿಗೆ ಗೊತ್ತಾಯಿತು.

ನಯನ ಎದ್ದು ಟಿವಿ ಆರಿಸಿದಳು. ಟವೆಲ್ಲಿನ ಗಂಟು ಬಿಚ್ಚಿ, ಅವನನ್ನು ಅಂಗಳಕ್ಕೆ ಕರೆದುಕೊಂಡು ಬಂದಳು.

"ಅವನು ಓದೋವಾಗ ನಿಮ್ಮ ಮುಖಾನೇ ನೋಡ್ತಿದ್ದೆ ನಾನು," ಅಂದಳು. "ಅಳ್ತೀರೇನೋ ಅಂದ್ಕೊಂಡಿದ್ದೆ. ನಿಮ್ಮ ಮಾತು ನಿಮಗೇ ರುಚಿಯಾಯ್ತು, ಅಲ್ದನಾ?"

ಅವನು ಇಲ್ಲ ಎನ್ನಲು ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು. ವಿಡಿಯೊವನ್ನು ಪ್ರದೀಪ ಇವತ್ತೇ ಬಳಗಕ್ಕೆ ಹಾಕುತ್ತಾನೆ, ದನಿ ತೆಗೆದಿರುತ್ತಾನೆ, ನಿಮ್ಮ ಹೆಸರು ಇರುವುದಿಲ್ಲ ಎಂದಳು. ಅಲ್ಲಿ ನಾನೂ ಸೇರಿಕೊಂಡಿದ್ದೇನೆ ಎಂದೂ ಹೇಳಿದಳು.

"ಆ ಕೈ ನಂದು ಅಂತ ನೀವು ಬರೆದ್ರೆ ಸಾಕು. ಮರಿ ಈಗ ನಿಮ್ಮ ಜೊತೆ ಬರ್ಲಿ. ನೀವು ಬರ್ದಿದ್ದು ನೋಡಿ, ಅದನ್ನ ಕರ್ಕೊಂಡು ಬರಕ್ಕೆ ನಾನೇ ಅಪ್ಪನ್ನ ಕಳಿಸ್ತೀನಿ."

ಇಷ್ಟು ಸುಲಭದ ಶಿಕ್ಷೆಯನ್ನು ಯಾವ ಹೆಣ್ಣೂ ಕೊಟ್ಟಿರಲಿಕ್ಕಿಲ್ಲ. ಮೂರು ಪದ, ಅದೂ ಹೆಸರು ಹೇಳದೆ, ಮುಖ ತೋರದೆ. ಬರೆಯುತ್ತೇನೆ, ಖಂಡಿತ ಬರೆಯುತ್ತೇನೆ ಎಂದ ಶಿವಶಂಕರ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು, ಅದೂ ನಿಜವಾದ ನೀರು.

ಆಟೋದ ಹಿಂಭಾಗದಲ್ಲಿ ಮರಿಯ ಪಕ್ಕ ಕೂತ. ಸೊರಬ ದಾಟುವಾಗ ವಿಡಿಯೊ ಬಂತು. ಗದ್ದೆಹಕ್ಕಿ ಮರಳಿ ಬಂದನೆಂದು ಬಳಗಕ್ಕೆಲ್ಲ ಸಂಭ್ರಮ. 'ಒಂದು ಕೈ ಕಟ್ಟಿಕೊಂಡ ಹೊಸ ಆಟಗಾರ, ಮೊದಲನೆಯ ಅಧ್ಯಾಯ' ಎಂದಷ್ಟೇ ಬರೆದಿದ್ದ. ಅಭಿಪ್ರಾಯಗಳು ಬೀಳತೊಡಗಿದವು. ಕ್ಯಾಮೆರಾದ ತಪ್ಪು ಎಂದರು ಮೇಷ್ಟರು. ಔಷಧಿ ಅಂಗಡಿಯವನು, ಇಷ್ಟು ಸಲ ಸಾಯುವುದೂ ಆಟದ ಒಳಾರ್ಥವೇ ಅಂದ. ಉಳಿದವರು ಕೈಗೆ ಬಂದಂತೆ ಬೈದರು, ಕೋತಿ, ಕತ್ತೆ, ಹೆಬ್ಬೆಟ್ಟು ಅಂತ. ಶಿವಶಂಕರ ಒಂದೊಂದನ್ನೂ ಓದಿದ. ನೋವಾಯಿತು. ಅದಕ್ಕಿಂತ ಹೆಚ್ಚಾಗಿ ಅಸಹ್ಯವಾಯಿತು, ಒಂದು ಬೈಗುಳದಲ್ಲೂ ಉಪ್ಪಿಲ್ಲ, ಖಾರವಿಲ್ಲ.

ಆಗ ಸಾಗರದ ಹುಡುಗಿ ಕೇಳಿದಳು: ಕವಲುಗಿವಿ ಎಲ್ಲಿ? ಇವನ ಬಗ್ಗೆ ನಾಲ್ಕು ಮಾತು ಹೇಳಲಿ. ಹೌದು ಹೌದು ಎಂದು ಬಳಗವೆಲ್ಲ ಕೂಗಿತು.

ಅವನು 'ಆ ಕೈ ನನ್ನದು' ಎಂದು ಬರೆದ. ಬರೆದದ್ದಂತೂ ನಿಜ, ಕಳಿಸುವ ಗುಂಡಿಯ ಮೇಲೆ ಬೆರಳೂ ಇತ್ತು. ಅಷ್ಟರಲ್ಲಿ ಒಂದು ಸಾಲು ಹೊಳೆಯಿತು. ಅಂಥ ಸಾಲು ವರ್ಷಕ್ಕೊಮ್ಮೆ ಹೊಳೆಯುವಂಥದ್ದು. ಮೊದಲು ಇದನ್ನು ಹಾಕಿ, ಬಳಗ ನಗಲಿ, ಆಮೇಲೆ ಆ ಕೈ ನನ್ನದೇ ಅಂದರೆ ಇನ್ನೂ ಸೊಗಸು ಎಂದು ತನಗೆ ತಾನೇ ಹೇಳಿಕೊಂಡ. ಬರೆದದ್ದನ್ನು ಅಳಿಸಿದ. ಹೊಸದಾಗಿ ಬರೆದು, ಒಂದು ಪದ ಅತ್ತಿತ್ತ ಮಾಡಿ, ಕಳಿಸಿದ: "ಗದ್ದೆಹಕ್ಕಿಗೆ ಇರುವುದೇ ಒಂದು ಕೈ, ಆದರೂ ಹಿಮ ದಾಟಿತು. ಇವನಿಗೆ ಕಟ್ಟು ಬಿಚ್ಚಿದರೂ ಮೂಗು ಒರೆಸಲು ಇನ್ನೊಬ್ಬರು ಬೇಕು."

ಬಳಗ ಹುಚ್ಚೆದ್ದು ನಕ್ಕಿತು. ಶಿವಶಂಕರನೂ ನಕ್ಕ. ನಗುವಿನ ನಡುವೆ ಯಾರೋ ಕೇಳಿದರು, ಗದ್ದೆಹಕ್ಕಿಗೆ ನಿಜವಾಗಿಯೂ ಒಂದೇ ಕೈಯಾ? ಇನ್ನೊಬ್ಬರು ಕೇಳಿದರು, ಹೇಗೆ ಹೋಯಿತು, ಫೋಟೊ ಹಾಕಿ. ಮತ್ತೊಬ್ಬನಿಗೆ ಹಳೆಯ ಗಾದೆ ನೆನಪಾಯಿತು, ಇನ್ನೊಂದು ಕೈ ಎಲ್ಲಿ? ಹತ್ತಾರು ಜನ ಅದನ್ನೇ ಹಾಕಿದರು. ಪ್ರದೀಪ ಬಳಗದಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ತಾನು ಒಂದು ಸಾಲಿನ ತೂಕಕ್ಕೆ ಹಾಕಿ ಮಾರಿಬಿಟ್ಟೆ ಎಂದು ಶಿವಶಂಕರನಿಗೆ ಹೊಳೆದದ್ದು ಆಗ. ಅಳಿಸಲು ಹೋದ. ಅಳಿಸುವ ಮೊದಲೇ ಮೇಲೊಂದು ಸಂದೇಶ ಬಂತು, ಬಳಗದಿಂದಲ್ಲ, ನಯನಳಿಂದ.

"ನೋಡಿದೆ," ಅಂತ ಒಂದೇ ಪದ.

ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದರೆ ಹೋಗಲೇ ಇಲ್ಲ. ಆಡಿದ ಮಾತು ಬಾಯಿಗೆ ಮರಳುವುದಿಲ್ಲ ಎಂದು ಅವನಿಗೂ ಚಿಕ್ಕಂದಿನಲ್ಲಿ ಯಾರೋ ಹೇಳಿಕೊಟ್ಟಿರಬೇಕು. ಆಟೋ ತೊಗರ್ಸಿ ಮುಟ್ಟುವ ತನಕ ಅವನು ಮರಿಯ ಕತ್ತು ತಬ್ಬಿ ಕೂತಿದ್ದ. ಮರಿ ಅವನ ಅಂಗಿಯ ತೋಳು ಅಗಿಯುತ್ತಿತ್ತು.

ಮನೆಯ ಮುಂದೆ ಗುಡ್ಡಮ್ಮ ಆರತಿಯ ತಟ್ಟೆ ಹಿಡಿದು ಬಂದಳು, ಮಗ ಸೊಸೆಯ ಸುದ್ದಿ ತಂದನೆಂದು. ಆಟೋದಲ್ಲಿ ಮರಿ ಕಂಡು ತಟ್ಟೆ ಕೆಳಗಿಟ್ಟಳು. ಹತ್ತಿರ ಬಂದು ಬಲಗಿವಿ ಎತ್ತಿದಳು, ಎಡಗಿವಿ ಎತ್ತಿದಳು, ಬೆರಳಾಡಿಸಿ ನೋಡಿದಳು. ಎಲ್ಲಾದರೂ ಒಂದು ಹೊಸ ಗಾಯ ಸಿಕ್ಕೀತೇನೋ ಎಂದು ಮತ್ತೊಮ್ಮೆ ನೋಡಿದಳು.

"ಕಿವಿ ಹಂಗೇ ಐತಲ್ಲೋ," ಅಂದಳು. "ಏನ್ ಮಾಡ್ದೆ ನೀನು?"

ಶಿವಶಂಕರನ ಜೇಬಿನಲ್ಲಿ ಫೋನು ಇನ್ನೂ ಗುಯ್‌ಗುಡುತ್ತಿತ್ತು, ಬಳಗ ಕವಲುಗಿವಿಯನ್ನು ಹೊಗಳುತ್ತಿತ್ತು.